ಅಪ್ಪ, ಅಮ್ಮನ ಪೋರ್ಟ್ರೇಟ್: ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು

ಹೆತ್ತವರ ಚಿತ್ರ ಬರೆಯಬೇಕು ಅಂತ ಹೊರಟು ಅರ್ಧಕ್ಕೆ ಬಿಟ್ಟ ಕ್ಯಾನ್ವಾಸ್ ಬಹುಶಃ ಎಲ್ಲ ಪೇಂಟರ್‌ಗಳ ಮನೆಯ ಅಟ್ಟದಲ್ಲೂ ಒಂದಿರುತ್ತದೆ. ಬೇರೆಯವರ ಮುಖವಾದರೆ ಎದುರಿಗೆ ಕಂಡಿದ್ದನ್ನು ಬರೆದು ಮುಗಿಸಬಹುದು. ಅಪ್ಪ, ಅಮ್ಮನ ಮುಖ ಒಂದೇ ಅಲ್ವಲ್ಲ. ಬೈಯುವಾಗಿನದು ಒಂದು, ಹುಷಾರಿಲ್ಲದೆ ಮಲಗಿದ್ದಾಗಿನದು ಒಂದು, ನಾವು ಹುಟ್ಟುವ ಮುಂಚಿನ ಮದುವೆ ಫೋಟೋದ್ದು ಇನ್ನೊಂದು. ಯಾವುದನ್ನು ಬರೆದರೂ ಉಳಿದವು ತಕರಾರು ತೆಗೆಯುತ್ತವೆ.

ಇದಕ್ಕೊಂದು ದಾರಿ ಇದೆ. ಪೂರ್ತಿ ಫೋಟೋ ಥರ ಬರೆಯದೆ, ಪೂರ್ತಿ ಅಮೂರ್ತಕ್ಕೂ, ಅಂದರೆ ಬರೀ ಆಕಾರ, ಬಣ್ಣಕ್ಕೂ ಹೋಗದೆ, ನಡುವೆ ಎಲ್ಲೋ ನಿಲ್ಲುವುದು. ಆ ಕ್ರಮವನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಪೆನ್ಸಿಲ್ಲಿನಲ್ಲಿ ಒಂದು ತಲೆಯನ್ನು ಸುಮಾರಾಗಿ ಬರೆಯಬಲ್ಲವರಾದರೆ ಸಾಕು. ನನ್ನ ಅನುಭವದಲ್ಲಿ ಹೋಲಿಕೆ ಅನ್ನೋದು ಇಡೀ ಮುಖದಲ್ಲಿ ಹರಡಿಕೊಂಡು ಇರುವುದಿಲ್ಲ. ಎರಡು ಮೂರು ಜಾಗದಲ್ಲಿ ಇರುತ್ತದೆ. ಆ ಜಾಗ ಪತ್ತೆ ಮಾಡಿ ಅಲ್ಲಿ ಬಿಗಿಯಾಗಿ ಬರೆದರೆ, ಉಳಿದ ಕಡೆ ಧೈರ್ಯವಾಗಿ ಸಡಿಲ ಬಿಡಬಹುದು. ಉದಾಹರಣೆಗೆ ನಮ್ಮಪ್ಪನ ಚಿತ್ರವನ್ನೇ ಇಟ್ಟುಕೊಳ್ಳುತ್ತೇನೆ. ಅವರು ಮಂಡ್ಯದ ಕಡೆ ಆಲೆಮನೆ ನಡೆಸಿದವರು. ಈಗ ಮೈಸೂರಲ್ಲಿ ನಮ್ಮ ಜೊತೆ ಇದ್ದಾರೆ.

ಹಂತ 1: ಬ್ರಶ್ ಮುಟ್ಟುವ ಮುಂಚೆ ನೋಡಿ

ಮೈಸೂರಲ್ಲಿ ಇದ್ದರೆ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋಗಿ. ರವಿವರ್ಮನ ಚಿತ್ರಗಳನ್ನು ನೋಡಿಕೊಂಡು ದೀಪ ಹಿಡಿದ ಹೆಣ್ಣಿನ ಚಿತ್ರದ ಮುಂದೆ ನಿಲ್ಲಿ. ಬಹಳ ಜನ ಅದನ್ನೂ ರವಿವರ್ಮನದೇ ಅಂದುಕೊಳ್ಳುತ್ತಾರೆ. ಅದು ಎಸ್. ಎಲ್. ಹಳದಣಕರ್ ಅವರದು, 1940ರ ದಶಕದ್ದು, ಅದೂ ಜಲವರ್ಣ. ರೂಪದರ್ಶಿಯಾಗಿ ನಿಂತವರು ಅವರ ಮಗಳು. ಅಲ್ಲಿ ಎಲ್ಲರೂ ದೀಪದ ಬೆಳಕಿನ ಬಗ್ಗೆ ಮಾತಾಡುತ್ತಾರೆ. ನೀವು ಬೆಳಕು ಬೀಳದ ಕಡೆ ನೋಡಿ. ಬೆರಳು, ಗಲ್ಲ, ಸೀರೆಯ ಮುಂಭಾಗ ಸ್ಪಷ್ಟ. ಬೆನ್ನಿನ ಕಡೆ ಅಂಚು ಕತ್ತಲಲ್ಲಿ ಕರಗುತ್ತದೆ. ಅಚ್ಚುಕಟ್ಟಾದ ವಾಸ್ತವವಾದಿ ಚಿತ್ರದಲ್ಲೂ ಕಲಾವಿದ ಅರ್ಧವನ್ನು ಬಿಟ್ಟಿದ್ದಾನೆ ಅನ್ನುವುದು ಅಲ್ಲಿ ಕಣ್ಣಿಗೆ ಕಾಣುತ್ತದೆ.

ಇನ್ನು ಉಳಿದವನ್ನು ಫೋನಿನಲ್ಲೋ ಪುಸ್ತಕದಲ್ಲೋ ನೋಡಬೇಕು. ನನಗೆ ಅತಿ ಮುಖ್ಯ ಅನ್ನಿಸಿದ್ದು ಆರ್ಶೈಲ್ ಗೋರ್ಕಿ ಬರೆದ, ತಾನು ಮತ್ತು ತಾಯಿ ಇರುವ ಚಿತ್ರ. ಗೋರ್ಕಿ ಆರ್ಮೇನಿಯನ್ ಮೂಲದ ಪೇಂಟರ್. 1912ರಲ್ಲಿ ತೆಗೆಸಿದ ಒಂದು ಫೋಟೋ ಅವನ ಹತ್ತಿರ ಇತ್ತು. ತಾಯಿ ಕೂತಿದ್ದಾಳೆ, ಹುಡುಗ ಪಕ್ಕದಲ್ಲಿ ನಿಂತಿದ್ದಾನೆ. 1919ರಲ್ಲಿ ತಾಯಿ ಹಸಿವಿನಿಂದ ತೀರಿಕೊಂಡಳು. ಅಮೆರಿಕಕ್ಕೆ ಹೋದ ಮೇಲೆ ಅವನು ಆ ಒಂದೇ ಫೋಟೋ ಇಟ್ಟುಕೊಂಡು 1926ರ ಆಸುಪಾಸಿನಿಂದ ವರ್ಷಗಟ್ಟಲೆ ಬರೆದ, ಕೆರೆದ, ಮತ್ತೆ ಬರೆದ. ಎರಡು ಕ್ಯಾನ್ವಾಸ್ ಆದವು. ಒಂದು ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿದೆ, ಇನ್ನೊಂದು ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ. ತಾಯಿಯ ಕಣ್ಣು, ಹುಬ್ಬು, ತಲೆಯ ಬಟ್ಟೆಯ ಅಂಚು ಗಟ್ಟಿಯಾಗಿವೆ. ಕೈಗಳು ಮಾತ್ರ ಇಲ್ಲ. ಕೈ ಇರಬೇಕಾದ ಕಡೆ ಒರೆಸಿದ ಬಿಳಿ ಮುದ್ದೆ ಅಷ್ಟೆ. ಆ ಜಾಗವನ್ನು ಹಾಗೇ ಬಿಟ್ಟಿದ್ದರಿಂದಲೇ ನಮ್ಮ ಕಣ್ಣು ಅಲ್ಲಿಗೆ ಮತ್ತೆ ಮತ್ತೆ ಹೋಗುತ್ತದೆ.

ಅಮೆರಿಕದ ಪೇಂಟರ್ ವಿಸ್ಲರ್ 1871ರಲ್ಲಿ ಬರೆದ ತಾಯಿಯ ಚಿತ್ರ ನಿಮಗೆ ಗೊತ್ತಿರಬಹುದು. ಈಗ ಪ್ಯಾರಿಸ್ಸಿನ ಓರ್ಸೆ ಮ್ಯೂಸಿಯಂನಲ್ಲಿದೆ. ಅವನು ಅದಕ್ಕಿಟ್ಟ ಹೆಸರಿನಲ್ಲಿ ತಾಯಿಗಿಂತ ಮೊದಲು ಬರುವುದು ಬೂದು ಮತ್ತು ಕಪ್ಪಿನ ಜೋಡಣೆ ಅನ್ನುವ ಮಾತು. ಚಿತ್ರವನ್ನು ಚಿಕ್ಕದು ಮಾಡಿ ನೋಡಿ: ಕಪ್ಪು ಪರದೆ ಒಂದು ಆಯತ, ಗೋಡೆ ಒಂದು ಆಯತ, ತಾಯಿಯ ಉಡುಪು ಒಂದು ದೊಡ್ಡ ತ್ರಿಕೋನ. ಅಮೂರ್ತ ಅನ್ನೋದು ಬಣ್ಣ ಚೆಲ್ಲುವುದಲ್ಲ, ಹೀಗೆ ಆಕಾರಗಳನ್ನು ಕೂರಿಸುವುದೂ ಹೌದು ಅಂತ ಇಲ್ಲಿ ಕಲಿಯಬಹುದು. ಸ್ವಿಟ್ಜರ್ಲೆಂಡಿನ ಜ್ಯಾಕೊಮೆಟ್ಟಿ 1950ರಲ್ಲಿ ಬರೆದ ತಾಯಿಯ ಚಿತ್ರ ಇದಕ್ಕೆ ಉಲ್ಟಾ. ಕೋಣೆಯ ಗೆರೆಗಳೂ ತಾಯಿಯ ಮೈಯ ಗೆರೆಗಳೂ ಒಂದರೊಳಗೊಂದು ಸೇರಿ, ಆ ಕೋಣೆಯಿಂದ ಆಕೆಯನ್ನು ಬಿಡಿಸಲಾಗದ ಹಾಗೆ ಆಗಿದೆ. ಅದೇ ಜ್ಯಾಕೊಮೆಟ್ಟಿ 1927ರಲ್ಲಿ ಅಪ್ಪನ ತಲೆಯ ಶಿಲ್ಪಗಳನ್ನು ಮಾಡಿದ. ಅವುಗಳಲ್ಲಿ ಒಂದರ ಮುಖ ಚಪ್ಪಟೆ, ಕಣ್ಣು ಮೂಗು ಬರೀ ಗೀಚಿದ ಗೆರೆ.

ಹಂತ 2: ಪಟ್ಟಿ ಮಾಡಿ

ಇದನ್ನು ತುಂಬ ಜನ ಹಾರಿಸಿಬಿಡುತ್ತಾರೆ. ನನ್ನ ಲೆಕ್ಕದಲ್ಲಿ ಇಡೀ ಕೆಲಸದ ಜೀವ ಇಲ್ಲೇ ಇದೆ.

ಒಂದು ಹಾಳೆ ತೆಗೆದುಕೊಂಡು ಹೆತ್ತವರ ಬಗ್ಗೆ ನಿಮಗೆ ಗೊತ್ತಿರುವುದನ್ನು ಬರೆಯಿರಿ. "ತ್ಯಾಗಮಯಿ", "ಶ್ರಮಜೀವಿ" ಇಂಥ ಮಾತು ಬೇಡ, ಅವನ್ನು ಬಣ್ಣದಲ್ಲಿ ಬರೆಯಲಾಗದು. ಕಣ್ಣಿಗೆ ಕಾಣುವಂಥದ್ದು ಬೇಕು. ಕೂತಾಗ ಭಾರ ಯಾವ ಕಡೆ ಬೀಳುತ್ತದೆ? ಕನ್ನಡಕ ಮೂಗಿನ ಮೇಲೆ ಎಲ್ಲಿ ನಿಲ್ಲುತ್ತದೆ? ಕೈಗೆ ಕೆಲಸ ಇಲ್ಲದಾಗ ಕೈ ಏನು ಮಾಡುತ್ತಿರುತ್ತದೆ? ಕತ್ತಲಲ್ಲಿ ಬಾಗಿಲ ಬಳಿ ನಿಂತರೆ ಅವರೇ ಅಂತ ಹೇಗೆ ಗೊತ್ತಾಗುತ್ತದೆ?

ನಮ್ಮಪ್ಪನ ಪಟ್ಟಿಯಲ್ಲಿ ಎಡಭುಜ ತಗ್ಗು, ಹೆಗಲ ಮೇಲಿನ ಟವೆಲ್ಲು, ಬಿಸಿಲಿಗೆ ಕಿರಿದಾದ ಕಣ್ಣು ಎಲ್ಲ ಇದ್ದವು. ಆದರೆ ಗಟ್ಟಿಯಾಗಿ ನಿಂತಿದ್ದು ಬೆರಳು. ಆಲೆಮನೆಯಲ್ಲಿ ಕೊಪ್ಪರಿಗೆಯ ಪಾಕ ಬಂತೋ ಇಲ್ಲವೋ ಅಂತ ನೋಡುವ ಕ್ರಮ ಗೊತ್ತಲ್ಲ. ಕುದಿಯುವ ಪಾಕವನ್ನು ಒಂದಿಷ್ಟು ತೆಗೆದು ತಣ್ಣೀರಿಗೆ ಬಿಡುತ್ತಾರೆ. ಅದನ್ನು ಹೆಬ್ಬೆರಳು, ತೋರುಬೆರಳು, ನಡುಬೆರಳಲ್ಲಿ ಹಿಡಿದು ಉರುಟುತ್ತಾರೆ. ಉಂಡೆ ಕಟ್ಟಿದರೆ ಇಳಿಸುವ ಹೊತ್ತಾಯಿತು. ಕಾವು ಸುಮಾರು 118 ಡಿಗ್ರಿ ಆಗಿರುತ್ತದೆ, ಆದರೆ ಅಲ್ಲಿ ಥರ್ಮಾಮೀಟರ್ ಯಾರ ಹತ್ತಿರ ಇರುತ್ತೆ? ಆಲೆಮನೆ ಮುಚ್ಚಿ ಎಷ್ಟೋ ವರ್ಷವಾಗಿದೆ. ಅಪ್ಪ ಟಿವಿಯಲ್ಲಿ ಕ್ರಿಕೆಟ್ ನೋಡುತ್ತಾ ಕೂತರೂ ಬಲಗೈಯ ಆ ಮೂರು ಬೆರಳು ಏನನ್ನೋ ಉರುಟುತ್ತಲೇ ಇರುತ್ತವೆ. ಹೆಬ್ಬೆರಳ ಉಗುರು ದಪ್ಪ, ಹಳದಿ, ಒಂದು ಪಕ್ಕ ಚೂರು ಎದ್ದಿದೆ. ಅದರ ಕೆಳಗಿನ ಚರ್ಮ ಹೊಳೆಯುವಷ್ಟು ನುಣುಪು, ಹಳೇ ಸುಟ್ಟ ಗಾಯದ್ದು.

ನಿಮ್ಮ ಪಟ್ಟಿಯಿಂದ ಹೀಗೆ ಮೂರನ್ನು ಆರಿಸಿ. ಒಂದು ಮುಖದಲ್ಲಿರಲಿ, ಒಂದು ಮೈಯ ನಿಲುವಿನಲ್ಲಿರಲಿ, ಇನ್ನೊಂದು ಎಲ್ಲಿ ಬೇಕಾದರೂ ಇರಲಿ. ಇವೇ ನೀವು ಹಿಡಿಯುವ ಜಾಗ. ನಾನು ಬೆರಳು, ಬಲಗಣ್ಣು, ತಗ್ಗಿದ ಭುಜದ ಗೆರೆ ಇಟ್ಟುಕೊಂಡೆ.

ಹಂತ 3: ಕೂರಿಸುವುದು

ಚಿತ್ರ ಬರೆಯುತ್ತೇನೆ ಅಂದ ಕೂಡಲೇ ನಮ್ಮ ಹೆತ್ತವರು ರೆಡಿಯಾಗುತ್ತಾರೆ. ಶೇವ್, ಪೌಡರ್, ಇಸ್ತ್ರಿ ಮಾಡಿದ ಬಿಳಿ ಷರ್ಟು. ಅಮ್ಮಂದಿರಾದರೆ ಬೀರುವಿನಿಂದ ಮೈಸೂರು ಸಿಲ್ಕ್ ಹೊರಗೆ ಬರುತ್ತದೆ. ಬೇಡ ಅನ್ನಬೇಡಿ. ಹಾಗೇ ಕೂರಿಸಿ ಒಂದು ಸ್ಕೆಚ್ ಬರೆದುಕೊಡಿ, ಅವರಿಗೆ ಖುಷಿಯಾಗಲಿ. ನಿಮಗೆ ಬೇಕಾದ ಚಿತ್ರ ಅವರು "ಪೋಸ್" ಮರೆತ ಮೇಲೆ ಶುರುವಾಗುವುದು.

ವಯಸ್ಸಾದವರನ್ನು ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಒಂದೇ ಭಂಗಿಯಲ್ಲಿ ಕೂರಿಸಬೇಡಿ. ನಡುವೆ ಎದ್ದು ಓಡಾಡಲಿ, ಕಾಫಿ ಕುಡಿಯಲಿ. ವಿಸ್ಲರ್ ತನ್ನ ತಾಯಿಯನ್ನು ಮೊದಲು ನಿಲ್ಲಿಸಿಯೇ ಬರೆಯಲು ಹೊರಟಿದ್ದ. ಆಕೆಗೆ ಸುಸ್ತಾಗಿ ಕೂತಿದ್ದರಿಂದ ಆ ಪ್ರಸಿದ್ಧ ಭಂಗಿ ಬಂತು. ಕುರ್ಚಿಯ ಕಾಲಿನ ಜಾಗಕ್ಕೆ ನೆಲದ ಮೇಲೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ, ಮತ್ತೆ ಅದೇ ಜಾಗಕ್ಕೆ ಕೂರಿಸಲು ಸುಲಭ. ಟಿವಿ, ರೇಡಿಯೋ ಇದ್ದರೆ ಒಳ್ಳೆಯದೇ, ಕಣ್ಣು ಒಂದು ಕಡೆ ನಿಲ್ಲುತ್ತದೆ.

ಬೆಳಕು ಒಂದೇ ಕಡೆಯಿಂದ ಬರಲಿ. ಉತ್ತರದ ಕಿಟಕಿ ಇದ್ದರೆ ಅದೇ ಸರಿ, ದಿನವಿಡೀ ಹೆಚ್ಚು ಬದಲಾಗುವುದಿಲ್ಲ. ಪೂರ್ವದ ಜಗಲಿಯಾದರೆ ಬೆಳಗಿನ ಬಿಸಿಲು ಬೇಗ ಜರುಗುತ್ತದೆ, ದಿನಾ ಅದೇ ಹೊತ್ತಿಗೆ ಕೂರಿಸಬೇಕು. ಜೂನ್ ಆದಮೇಲೆ ಮೋಡದ ದಿನಗಳಲ್ಲಿ ಮೈಸೂರಿನ ಬೆಳಕು ಮೆತ್ತಗಿರುತ್ತದೆ. ನೆರಳಿನ ಅಂಚು ಮೃದುವಾಗಿ ಸಿಗುತ್ತದೆ. ನಮ್ಮ ಈ ಥರದ ಚಿತ್ರಕ್ಕೆ ಅದು ಹೇಳಿ ಮಾಡಿಸಿದ್ದು. ಟ್ಯೂಬ್‌ಲೈಟ್ ಆರಿಸಿಬಿಡಿ, ಅದು ಎಲ್ಲ ನೆರಳನ್ನೂ ತಿಂದುಹಾಕುತ್ತದೆ.

ಇನ್ನೊಂದು ವಿಷಯ ಮೊದಲೇ ಮಾತಾಡಿಕೊಳ್ಳಿ. ಚಿತ್ರವನ್ನು ಯಾರಿಗೆ ತೋರಿಸುತ್ತೀರಿ? ಮನೆಯಲ್ಲೇ ಇರುತ್ತಾ, ಪ್ರದರ್ಶನಕ್ಕೆ ಹೋಗುತ್ತಾ? ಹಲ್ಲಿಲ್ಲದ ಬಾಯಿ, ಉಬ್ಬಿದ ನರ, ಕೈಗೆ ಹಾಕಿದ ಡ್ರಿಪ್ಪು ನಿಮಗೆ ಚಿತ್ರದ ವಸ್ತುವಾಗಿ ಕಾಣಬಹುದು. ಅವರಿಗೆ ಅದು ಮರ್ಯಾದೆಯ ಪ್ರಶ್ನೆ. ಬೇಡ ಅಂದರೆ ಬೇಡ.

ಹಂತ 4: ಇದ್ದಿಲು, ಕಾಗದ, ನೆನಪು

ಚಾರ್ಕೋಲ್ ತೆಗೆದುಕೊಳ್ಳಿ, ಪೆನ್ಸಿಲ್ ಬೇಡ. ಪೆನ್ಸಿಲ್ ಕೈಗೆ ಸಿಕ್ಕರೆ ಕಣ್ಣು ರೆಪ್ಪೆ ಎಣಿಸಲು ಹೋಗುತ್ತದೆ. ಇದ್ದಿಲನ್ನು ಒರೆಸಬಹುದು, ಮತ್ತೆ ಮೇಲೆ ಬರೆಯಬಹುದು, ರಬ್ಬರಿನಿಂದ ಬೆಳಕನ್ನು ಕೆತ್ತಿ ತೆಗೆಯಬಹುದು.

ಮೊದಲು ಎರಡು ನಿಮಿಷದ ಸ್ಕೆಚ್‌ಗಳು. ಮುಖ ಬೇಡ, ಬರೀ ಮೈಯ ಭಾರ ಎಲ್ಲಿದೆ ಅಂತ. ಆಮೇಲೆ ಹತ್ತು ನಿಮಿಷದವು. ಅಳತೆಯ ಸಾಮಾನ್ಯ ನಿಯಮ ಗೊತ್ತಿರಲಿ: ಕಣ್ಣು ತಲೆಯ ಎತ್ತರದ ಸರಿ ಅರ್ಧಕ್ಕೆ ಬರುತ್ತದೆ, ಮುಖದ ಅಗಲ ಸುಮಾರು ಐದು ಕಣ್ಣಿನಷ್ಟು. ಹಣೆಯನ್ನು ಚಿಕ್ಕದು ಮಾಡುವುದು ಎಲ್ಲರ ಕೈಯಲ್ಲೂ ಆಗುತ್ತದೆ, ಅದನ್ನು ನೋಡಿಕೊಳ್ಳಿ. ವಯಸ್ಸಾದ ಮುಖದಲ್ಲಿ ಕಿವಿ ಉದ್ದವಾಗಿ ಕಾಣುತ್ತದೆ, ಮೂಗಿನ ತುದಿ ಇಳಿದಿರುತ್ತದೆ, ಕಪೋಲದ ಮೇಲ್ಭಾಗದಲ್ಲಿ ಹಳ್ಳ ಬೀಳುತ್ತದೆ. ಕೆಲವರ ಕಣ್ಣಿನ ಕರಿಭಾಗದ ಅಂಚಿನ ಸುತ್ತ ಬೂದುನೀಲಿ ಉಂಗುರ ಇರುತ್ತದೆ. ನಮ್ಮಪ್ಪನಿಗೆ ಇದೆ. ಸುಕ್ಕುಗಳನ್ನು ಗೆರೆಯಾಗಿ ಬರೆಯಬೇಡಿ. ಸುಕ್ಕು ಅಂದರೆ ಒಂದು ಸಣ್ಣ ಮಡಿಕೆ, ಅದಕ್ಕೆ ಬೆಳಕಿನ ಪಕ್ಕ, ನೆರಳಿನ ಪಕ್ಕ ಎರಡೂ ಇರುತ್ತವೆ. ಹತ್ತು ಸುಕ್ಕಿನಲ್ಲಿ ಎರಡನ್ನು ಬರೆದರೆ ಉಳಿದದ್ದು ನೋಡುವವರಿಗೆ ತಾನಾಗಿ ಕಾಣುತ್ತದೆ.

ಈಗ ಮುಖ್ಯವಾದ ಅಭ್ಯಾಸ. ಅವರು ಎದ್ದು ಹೋದ ಮೇಲೆ, ಸಂಜೆ, ಸ್ಕೆಚ್ ಬುಕ್ ಮುಚ್ಚಿಟ್ಟು ಹೊಸ ಹಾಳೆಯ ಮೇಲೆ ನೆನಪಿನಿಂದ ಬರೆಯಿರಿ. ಫೋಟೋ ನೋಡಬೇಡಿ. ಇದನ್ನು ಹಲವು ಸಂಜೆ ಮಾಡಿ, ಹಾಳೆಗಳನ್ನು ನೆಲದ ಮೇಲೆ ಸಾಲಾಗಿ ಹರಡಿ. ಎಲ್ಲದರಲ್ಲೂ ಮತ್ತೆ ಮತ್ತೆ ಬರುವ ಆಕಾರ ಒಂದೆರಡು ಇರುತ್ತವೆ. ಪ್ರತಿ ಸಲ ಮಸುಕಾಗುವ ಜಾಗಗಳೂ ಇರುತ್ತವೆ. ಮತ್ತೆ ಮತ್ತೆ ಬಂದದ್ದನ್ನು ಹಂತ 2ರ ಪಟ್ಟಿಗೆ ಹೋಲಿಸಿ. ಎರಡಕ್ಕೂ ತಾಳೆಯಾದರೆ ಅದು ಖಾತ್ರಿ. ಆಗದಿದ್ದರೆ ಪಟ್ಟಿ ತಿದ್ದಿ, ಕೈ ಹೇಳಿದ್ದನ್ನು ನಂಬಿ. ಮಸುಕಾದ ಜಾಗಗಳು ಕ್ಯಾನ್ವಾಸಿನ ಮೇಲೆ ಬಿಡುವ ಜಾಗಗಳು. ನಡುವೆ ನಿಲ್ಲುವ ಚಿತ್ರ ಇಲ್ಲಿ ಹುಟ್ಟುತ್ತದೆ. ಬರೆದು ಮುಗಿಸಿದ ಪೋರ್ಟ್ರೇಟ್ ಮೇಲೆ ಕೊನೆಯಲ್ಲಿ ಎರಡು ಬ್ರಶ್ ಎಳೆದು "ಮಾಡರ್ನ್" ಮಾಡುವುದರಿಂದ ಹುಟ್ಟುವುದಿಲ್ಲ.

ಫೋನಿನಲ್ಲಿ ಫೋಟೋ ತೆಗೆಯುವುದಾದರೆ ಆರೇಳು ಅಡಿ ದೂರ ನಿಂತು ಜೂಮ್ ಮಾಡಿ ತೆಗೆಯಿರಿ. ಹತ್ತಿರದಿಂದ ತೆಗೆದರೆ ಮೂಗು ಉಬ್ಬಿ, ಕಿವಿ ಹಿಂದೆ ಸರಿದು, ಯಾರೋ ಬೇರೆಯವರಾಗಿಬಿಡುತ್ತಾರೆ. ಬ್ಯೂಟಿ ಫಿಲ್ಟರ್ ಆಫ್ ಮಾಡಿದ್ದೀರಾ ನೋಡಿ. ಅದು ತೆಗೆದುಹಾಕುವುದು ನಮಗೆ ಬೇಕಾದದ್ದನ್ನೇ.

ಹಂತ 5: ಸಾಮಾನು

ಹೆಚ್ಚೇನೂ ಬೇಡ. 24×30 ಇಂಚಿನ ಪ್ರೈಮ್ ಮಾಡಿದ (ತಳಪದರ ಬಳಿದ) ಕ್ಯಾನ್ವಾಸ್, ತೈಲವರ್ಣ, ಲಿನ್ಸೀಡ್ ಎಣ್ಣೆ, ಟರ್ಪೆಂಟೈನ್, ಹಂದಿಕೂದಲಿನ ಅಗಲ ಬ್ರಶ್ ಎರಡು ಮೂರು, ಒಂದು ಮೆತ್ತನೆ ಬ್ರಶ್, ಪ್ಯಾಲೆಟ್ ನೈಫ್, ಹಳೇ ಪಂಚೆಯ ಬಟ್ಟೆ. ಕ್ಯಾಮ್ಲಿನ್ ತೈಲವರ್ಣವೇ ಸಾಕು. ಬಿಳಿಯಲ್ಲಿ ಟೈಟೇನಿಯಂ ತಗೊಳ್ಳಿ. ಜಿಂಕ್ ವೈಟ್ ತೈಲದಲ್ಲಿ ವರ್ಷ ಕಳೆದಂತೆ ಬಿರುಸಾಗಿ ಬಿರುಕು ಬಿಡುತ್ತದೆ.

ಅಕ್ರಿಲಿಕ್ಕಿನಲ್ಲೂ ಮಾಡಬಹುದು. ಆದರೆ ಅದು ನಿಮಿಷಗಳಲ್ಲಿ ಒಣಗುವುದರಿಂದ ಒರೆಸಿ, ಎಳೆದು ಕರಗಿಸುವ ಕೆಲಸ ಕಷ್ಟ. ಬೇಕಾದರೆ ಮೊದಲ ಪದರ ಅಕ್ರಿಲಿಕ್, ಮೇಲೆ ತೈಲ ಹಾಕಿ. ತೈಲದ ಮೇಲೆ ಅಕ್ರಿಲಿಕ್ ಯಾವತ್ತೂ ಬೇಡ, ಹಿಡಿಯುವುದಿಲ್ಲ.

ಹಂತ 6: ಜೋಡಣೆ

ಬೆಂಕಿಪೊಟ್ಟಣದ ಗಾತ್ರದ ಚೌಕಗಳನ್ನು ಬರೆದು, ಒಂದೊಂದರಲ್ಲೂ ಕಪ್ಪು, ಬೂದು, ಬಿಳಿ ಮೂರೇ ಟೋನಿನಲ್ಲಿ ಇಡೀ ಚಿತ್ರ ಯೋಚಿಸಿ. ಈ ಗಾತ್ರದಲ್ಲಿ ಮುಖ ಒಂದು ಚುಕ್ಕೆಯಷ್ಟೇ ಆದ್ದರಿಂದ ಮೂಗಿನ ಚಿಂತೆ ಇರುವುದಿಲ್ಲ. ಇಲ್ಲಿ ಚೆನ್ನಾಗಿ ನಿಂತ ಜೋಡಣೆ ದೊಡ್ಡದರಲ್ಲೂ ನಿಲ್ಲುತ್ತದೆ.

ಅಮೂರ್ತ ಆಕಾರಗಳನ್ನು ಎಲ್ಲಿಂದ ತರುವುದು? ನಾನು ಪಾಲಿಸುವ ನಿಯಮ ಒಂದೇ. ಪ್ರತಿ ಆಕಾರಕ್ಕೂ ಅವರ ಬದುಕಿನಲ್ಲಿ ಒಂದು ಮೂಲ ಇರಬೇಕು. ಸುಮ್ನೆ ಚೆಂದಕ್ಕೆ ಅಂತ ಒಂದು ಕೆಂಪು ವೃತ್ತ ಬಂದರೆ ಅದು ಕ್ಯಾಲೆಂಡರ್ ಆಗುತ್ತದೆ. ಅಪ್ಪನ ಊರಿನ ಕಡೆಯಿಂದ ನನಗೆ ಸಿಕ್ಕಿದ್ದು ಇಷ್ಟು. ವಿಶ್ವೇಶ್ವರಯ್ಯ ನಾಲೆಯ ನೇರ ಗೆರೆ. ಅದರಿಂದ ಮೇಲೆ ಒಂದು ಬಣ್ಣ, ಕೆಳಗೆ ಒಂದು ಬಣ್ಣ. ಕಬ್ಬಿನ ಗದ್ದೆಯ ಉದ್ದ ಪಟ್ಟೆಗಳು. ಕೊಪ್ಪರಿಗೆಯ ಗುಂಡನೆಯ ಅಂಚು. ಆವಿ. ಆಲೆಮನೆಯೊಳಗೆ ಪಾಕ ಕುದಿಯುವಾಗ ಎದುರಿಗಿದ್ದವರ ಎದೆಯಿಂದ ಮೇಲೆ ಏನೂ ಸರಿಯಾಗಿ ಕಾಣುವುದಿಲ್ಲ, ಒಲೆಯ ಬೆಳಕಿಗೆ ಕೈ ಮಾತ್ರ ಹೊಳೆಯುತ್ತದೆ. ಮುಖದ ಒಂದು ಪಕ್ಕವನ್ನು ಆವಿಗೆ ಬಿಡುವುದಕ್ಕೆ ನನಗೆ ಸಿಕ್ಕ ಕಾರಣ ಅದು. ನಿಮ್ಮ ಅಮ್ಮ ಟೀಚರ್ ಆಗಿದ್ದರೆ ಕಪ್ಪು ಹಲಗೆಯ ಒರೆಸಿದ ಬೂದು ಇದೆ. ರೈಲ್ವೆ ವರ್ಕ್‌ಶಾಪಿನ ಅಪ್ಪನಾದರೆ ಕಬ್ಬಿಣದ ತುಕ್ಕು ಇದೆ. ಹುಡುಕಿದರೆ ಎಲ್ಲರ ಮನೆಯಲ್ಲೂ ಸಿಗುತ್ತದೆ.

ತಲೆಯನ್ನು ನಟ್ಟನಡುವೆ ಇಡಬೇಡಿ. ನಾನು ಮೇಲಿನ ಎಡಮೂಲೆಗೆ ಸರಿಸಿ, ಬೆರಳುಗಳನ್ನು ಕೆಳಗೆ ಬಲಕ್ಕೆ ತಂದೆ. ಕಣ್ಣಿಗೂ ಬೆರಳಿಗೂ ನಡುವೆ ಒಂದು ಓರೆ ದಾರಿ ಆಯಿತು. ತಲೆಯ ಗಾತ್ರ ನಿಜಕ್ಕಿಂತ ಚೂರು ಚಿಕ್ಕದಿದ್ದರೆ ಸಹಜವಾಗಿ ಕಾಣುತ್ತದೆ. ದೊಡ್ಡದಾದರೆ ಕಟೌಟ್ ಆಗುತ್ತದೆ.

ಹಂತ 7: ಮೊದಲ ಪದರ, ಮೈಬಣ್ಣ

ಬರ್ನ್ಟ್ ಅಂಬರ್ ಅನ್ನುವ ಗಾಢ ಕಂದಿಗೆ ಟರ್ಪೆಂಟೈನ್ ಬೆರೆಸಿ ತೆಳ್ಳಗೆ ಮಾಡಿ ಇಡೀ ಕ್ಯಾನ್ವಾಸಿಗೆ ಬಳಿಯಿರಿ. ಒದ್ದೆ ಇರುವಾಗಲೇ ಬಟ್ಟೆಯಿಂದ ಬೆಳಕಿನ ಜಾಗಗಳನ್ನು ಒರೆಸಿ ತೆಗೆಯಿರಿ. ಅಂಬರ್ ಬೇಗ ಒಣಗುವ ಬಣ್ಣ, ತಳಕ್ಕೆ ಒಳ್ಳೆಯದು. ಕಣ್ಣು ಅರ್ಧ ಮುಚ್ಚಿ ನೋಡಿದರೆ ದೊಡ್ಡ ನೆರಳು, ದೊಡ್ಡ ಬೆಳಕು ಎರಡೇ ಕಾಣಬೇಕು. ಈ ಹಂತದಲ್ಲಿ ಹೋಲಿಕೆಗೆ ಪರದಾಡಬೇಡಿ.

ತೈಲದಲ್ಲಿ ಮರೆಯಬಾರದ ನಿಯಮ: ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲೆ ಹೋದಂತೆ ಜಾಸ್ತಿ. ಉಲ್ಟಾ ಮಾಡಿದರೆ ಮೇಲಿನ ಪದರ ಮೊದಲು ಒಣಗಿ, ಕೆಳಗಿನದು ನಿಧಾನಕ್ಕೆ ಒಣಗುತ್ತಾ ಬಿರುಕು ತರುತ್ತದೆ.

ನಮ್ಮ ಮೈಬಣ್ಣದ ವಿಷಯದಲ್ಲಿ ವಿದೇಶಿ ವಿಡಿಯೋ ನೋಡಿ ಕಲಿತವರು ತೊಂದರೆ ಪಡುತ್ತಾರೆ. ಅಲ್ಲಿನ ಲೆಕ್ಕದಲ್ಲಿ ಬಿಳಿಯೇ ಮೂಲ. ನಮ್ಮಲ್ಲಿ ಬರ್ನ್ಟ್ ಸಿಯೆನ್ನಾ (ಕೆಂಪು ಬೆರೆತ ಕಂದು) ಮೂಲ. ಅದಕ್ಕೆ ಯೆಲ್ಲೋ ಓಕರ್ (ಮಣ್ಣು ಹಳದಿ) ಸೇರಿಸಿ, ಚೂರು ಅಲ್ಟ್ರಾಮರೀನ್ ನೀಲಿ ಹಾಕಿ ತಣಿಸಿದರೆ ನಡುಟೋನ್ ಸಿಕ್ಕಿತು. ನೆರಳಿಗೆ ಬರ್ನ್ಟ್ ಅಂಬರ್, ಅಲ್ಟ್ರಾಮರೀನ್, ಒಂದು ತೊಟ್ಟು ಅಲಿಜರಿನ್ ಕಡುಗೆಂಪು. ಟ್ಯೂಬಿನ ಕಪ್ಪು ಬೇಡ, ನೆರಳು ಸತ್ತುಹೋಗುತ್ತದೆ. ಬೆಳಕಿಗೆ ಬಿಳಿಯನ್ನು ಸುರಿದರೆ ಮುಖಕ್ಕೆ ಸುಣ್ಣ ಬಳಿದ ಹಾಗೆ ಕಾಣುತ್ತದೆ. ಮೊದಲು ಓಕರ್‌ನಿಂದ ಏರಿಸಿ, ಕೊನೆಗೆ ಬಿಳಿ. ಕಿಟಕಿ ಬೆಳಕಿನಲ್ಲಿ ಕಪ್ಪು ಮೈಯ ಹೊಳಪು ಹಳದಿಯಾಗಿ ಇರುವುದಿಲ್ಲ. ಆಕಾಶದ ಬೆಳಕಾದ್ದರಿಂದ ತೆಳು ನೀಲಿ. ಅಪ್ಪನ ಹಣೆಯ ಮೇಲೆ ಆ ನೀಲಿ ಹಾಕಿದ ಕೂಡಲೇ ಹಣೆ ದುಂಡಗಾಯಿತು.

ಆಕಾರಗಳ ಬಣ್ಣವನ್ನೂ ಇದೇ ಪ್ಯಾಲೆಟ್‌ನಿಂದ ತೆಗೆಯಿರಿ. ಹಿನ್ನೆಲೆಯ ಬೆಲ್ಲದ ಕಂದು ಮತ್ತು ಕೆನ್ನೆಯ ಕಂದು ಒಂದೇ ಬೆರಕೆಯಿಂದ ಬಂದರೆ, ಮುಖ ಯಾವಾಗ ಹಿನ್ನೆಲೆಗೆ ಜಾರಿತು ಅಂತ ಗೊತ್ತೇ ಆಗುವುದಿಲ್ಲ.

ಹಂತ 8: ಹಿಡಿಯುವುದು, ಬಿಡುವುದು

ಈಗ ನಿಜವಾದ ಕೆಲಸ. ಮೊದಲು ಹಿಡಿಯಿರಿ, ಆಮೇಲೆ ಬಿಡಿ. ಏನನ್ನು ಬಿಡುತ್ತಿದ್ದೇವೆ ಅಂತ ಗೊತ್ತಿಲ್ಲದೆ ಬಿಟ್ಟರೆ ಅದು ಸೋಮಾರಿತನ ಆಗುತ್ತದೆ, ನೋಡುವವರಿಗೂ ತಿಳಿಯುತ್ತದೆ.

ಆರಿಸಿದ ಮೂರು ಜಾಗಗಳನ್ನು ಮೆತ್ತನೆ ಬ್ರಶ್ಶಿನಿಂದ, ಅವರನ್ನು ಎದುರಿಗೆ ಕೂರಿಸಿಕೊಂಡು, ಎಷ್ಟು ಖಚಿತವಾಗಿ ಆಗುತ್ತೋ ಅಷ್ಟು ಬರೆಯಿರಿ. ಬೆರಳಿನ ಮೇಲೆ ನಾನು ಮುಖಕ್ಕಿಂತ ಜಾಸ್ತಿ ಹೊತ್ತು ಕಳೆದೆ. ಉಗುರಿನ ಎದ್ದ ಪಕ್ಕಕ್ಕೆ ಒಂದು ಸಣ್ಣ ನೆರಳು, ಸುಟ್ಟ ಗಾಯದ ಮೇಲೆ ಒಂದು ಚುಕ್ಕೆ ಹೊಳಪು. ಮೂರು ಬೆರಳಿನ ನಡುವೆ ಏನೂ ಇಲ್ಲ, ಆ ಖಾಲಿ ಜಾಗವನ್ನೂ ಒಂದು ವಸ್ತು ಥರ ಅಳೆದು ಬರೆದೆ.

ಬಿಡುವುದಕ್ಕೆ ಹಲವು ಕೈಗಳಿವೆ. ಒದ್ದೆ ಬಣ್ಣದ ಮೇಲೆ ಒಣ ಅಗಲ ಬ್ರಶ್ಶನ್ನು ಒಂದೇ ದಿಕ್ಕಿಗೆ ಮೆಲ್ಲಗೆ ಎಳೆದರೆ ಅಂಚು ಕರಗುತ್ತದೆ. ಜರ್ಮನಿಯ ಗೆರ್ಹಾರ್ಡ್ ರಿಕ್ಟರ್ ತನ್ನ ಮನೆಯವರ ಹಳೇ ಫೋಟೋಗಳನ್ನು 1965ರ ಸುಮಾರಿಗೆ ಬರೆದಾಗ ಹೀಗೆ ಮಸುಕು ಮಾಡಿದ. ಬೇಗ ಅಭ್ಯಾಸವಾಗುವ ಕೈ ಇದು, ಅದಕ್ಕೇ ಅಪಾಯ ಕೂಡ. ಎಲ್ಲ ಕಡೆ ಎಳೆದರೆ ಫೋನ್ ಅಲುಗಾಡಿದ ಫೋಟೋ ಆಗುತ್ತದೆ.

ಕೆರೆಯುವುದು ನನಗೆ ಇಷ್ಟ. ಪ್ಯಾಲೆಟ್ ನೈಫಿನಿಂದ ಅರೆ ಒಣಗಿದ ಪದರವನ್ನು ಕೆರೆದರೆ ಕ್ಯಾನ್ವಾಸಿನ ನೂಲಿನ ಸಂದಿಯಲ್ಲಿ ಹಳೇ ಮುಖದ ಬಣ್ಣ ಉಳಿಯುತ್ತದೆ. ಅದರ ಮೇಲೆ ಹೊಸದಾಗಿ ಬರೆದಾಗ ಎರಡು ವಯಸ್ಸು ಒಟ್ಟಿಗೆ ಕಾಣುತ್ತದೆ. ಗೋರ್ಕಿ ಬ್ಲೇಡಿನಿಂದ ಕೆರೆದು ಕೆರೆದು ಪಿಂಗಾಣಿಯಷ್ಟು ನುಣುಪು ಮಾಡಿದ. ಲಂಡನ್ನಿನ ಲಿಯಾನ್ ಕೊಸಾಫ್ ಅಪ್ಪನ ಚಿತ್ರಗಳಲ್ಲಿ ಉಲ್ಟಾ ದಾರಿ ಹಿಡಿದ, ಬಣ್ಣವನ್ನು ಬೆರಳು ಮುಳುಗುವಷ್ಟು ದಪ್ಪ ಪೇರಿಸಿದ.

ಮೂರನೆಯದು, ಹಿನ್ನೆಲೆಯಿಂದ ಒಳಗೆ ಕತ್ತರಿಸುವುದು. ಭುಜವನ್ನು ಬರೆದು, ಹಿನ್ನೆಲೆಯ ಚಪ್ಪಟೆ ಬಣ್ಣವನ್ನು ಭುಜದ ಮೇಲೆ ಅರ್ಧ ಇಂಚು ಹತ್ತಿಸಿ. ಗೆರೆ ಎಳೆಯದೇ ಭುಜದ ಗೆರೆ ಬರುತ್ತದೆ, ಮೈ ಸ್ವಲ್ಪ ಹಿಂದಕ್ಕೆ ಹೋದಂತೆ ಆಗುತ್ತದೆ. ಅಪ್ಪನ ತಗ್ಗಿದ ಭುಜ ನನಗೆ ಸಿಕ್ಕಿದ್ದು ನಾಲೆಯ ಗೆರೆಯ ಬಣ್ಣವನ್ನು ಹೀಗೆ ಇಳಿಸಿದಾಗ. ನಾಲೆ ನೇರ, ಭುಜ ಓರೆ. ಎರಡೂ ಪಕ್ಕಪಕ್ಕ ಬಂದಾಗ ಓರೆ ಇನ್ನೂ ಎದ್ದು ಕಂಡಿತು.

ನಾಲ್ಕನೆಯದು ಗ್ಲೇಜ್. ಎಣ್ಣೆ ಜಾಸ್ತಿ ಸೇರಿಸಿದ ಪಾರದರ್ಶಕ ಬಣ್ಣವನ್ನು ಒಣಗಿದ ಪದರದ ಮೇಲೆ ತೆಳ್ಳಗೆ ಹರಡುವುದು. ಆವಿಗೆ ನಾನು ಬಿಳಿಯ ತೆಳು ಪದರ ಹಾಕಿ, ಬೆರಳಿನಿಂದ ತಟ್ಟಿ ತಟ್ಟಿ ಹರಡಿದೆ. ಎಡಗಣ್ಣು ಅದರ ಹಿಂದೆ ಹೋಯಿತು. ಇದೆ, ಆದರೆ ಹುಡುಕಬೇಕು.

ಎರಡೂ ಕಣ್ಣನ್ನು ಒಂದೇ ಸಮ ಬರೆಯಬೇಡಿ ಅನ್ನೋದು ನನ್ನ ಹಠ. ಒಂದನ್ನು ಹಿಡಿದು ಇನ್ನೊಂದನ್ನು ಬಿಟ್ಟರೆ ಮುಖಕ್ಕೆ ಜೀವ ಬರುತ್ತದೆ. ಬಾಯಿಯನ್ನು ಸ್ಪಷ್ಟ ಮಾಡಿದಷ್ಟೂ ಚಿತ್ರ ಮಾತಾಡಲು ಶುರುಮಾಡುತ್ತದೆ, ಅದೂ ಜಾಸ್ತಿ ಬೇಡ.

ಪರೀಕ್ಷೆ ಮಾಡುವ ಕ್ರಮ: ಹಿಡಿದ ಮೂರು ಜಾಗಗಳನ್ನು ಒಂದೊಂದಾಗಿ ಅಂಗೈಯಿಂದ ಮುಚ್ಚಿ. ಒಂದನ್ನು ಮುಚ್ಚಿದಾಗ ಅಪ್ಪ ಮಾಯವಾದರೆ ಆ ಜಾಗ ಕೆಲಸ ಮಾಡುತ್ತಿದೆ. ಮುಚ್ಚಿದರೂ ಏನೂ ಆಗದಿದ್ದರೆ ಅದು ಬರೀ ಅಲಂಕಾರ, ಅದನ್ನೂ ಬಿಟ್ಟುಬಿಡಬಹುದು. ಆಮೇಲೆ ಕನ್ನಡಿಯಲ್ಲಿ ಉಲ್ಟಾ ನೋಡಿ, ಹತ್ತು ಅಡಿ ದೂರದಿಂದ ನೋಡಿ, ಫೋನಿನಲ್ಲಿ ಕಪ್ಪುಬಿಳುಪು ಮಾಡಿ ನೋಡಿ. ಕಪ್ಪುಬಿಳುಪಿನಲ್ಲಿ ಎಲ್ಲ ಒಂದೇ ಬೂದಾಗಿ ಕಂಡರೆ ಟೋನ್ ಕೆಲಸ ಬಾಕಿ ಇದೆ ಅಂತ ಅರ್ಥ.

ಹೆತ್ತವರು ಈಗಿಲ್ಲದಿದ್ದರೆ

ಆಗ ಕೈಯಲ್ಲಿರುವುದು ಸಾಮಾನ್ಯವಾಗಿ ಎರಡು ಥರದ ಫೋಟೋ. ಸ್ಟುಡಿಯೋದ್ದು, ಇಲ್ಲ ಆಧಾರ್ ಕಾರ್ಡಿನದು. ಎರಡರಲ್ಲೂ ಅವರು ಇರುವುದಿಲ್ಲ. ಫೋಟೋವನ್ನು ಅಳತೆಗೆ ಮಾತ್ರ ಬಳಸಿ. ಉಳಿದದ್ದನ್ನು ಅವರ ವಸ್ತುಗಳಿಂದ ತನ್ನಿ: ಕನ್ನಡಕ, ಎಲೆಅಡಿಕೆ ಪೆಟ್ಟಿಗೆ, ಹಿಮ್ಮಡಿ ಸವೆದ ಚಪ್ಪಲಿ. ಚಪ್ಪಲಿ ಯಾವ ಪಕ್ಕ ಸವೆದಿದೆ ನೋಡಿದರೆ ನಿಲುವು ಸಿಗುತ್ತದೆ.

ಇನ್ನೊಂದು ರೂಪದರ್ಶಿ ಮನೆಯಲ್ಲೇ ಇದ್ದಾರೆ, ಅದು ನೀವು. ಕನ್ನಡಿ ಮುಂದೆ ಕೂತು ನಿಮ್ಮ ಕೈ, ಕಿವಿ, ಕತ್ತು ಬರೆಯಿರಿ. ನಿಮ್ಮ ಅಣ್ಣತಮ್ಮ, ಅಕ್ಕತಂಗಿಯರನ್ನೂ ಕೂರಿಸಿ. ಬೆರಳಿನ ಗಂಟು, ಕಿವಿಯ ಹಾಲೆ ವಂಶದಲ್ಲಿ ಹರಿದು ಬಂದಿರುತ್ತದೆ. ಫೋಟೋದಲ್ಲಿ ಕಾಣದ ಕೈಯನ್ನು ಹೀಗೆ ಎರವಲು ತರಬಹುದು. ಸಂಬಂಧಿಕರನ್ನು ಕೇಳುವಾಗ "ಹೇಗಿದ್ದರು" ಅಂತ ಕೇಳಬೇಡಿ, ದೇವರಂಥವರು ಅನ್ನುತ್ತಾರೆ. "ಹೇಗೆ ಕೂರುತ್ತಿದ್ದರು, ತೋರಿಸಿ" ಅನ್ನಿ. ಎದ್ದು ಮಾಡಿಯೇ ತೋರಿಸುತ್ತಾರೆ.

ಹಂತ 9: ನಿಲ್ಲಿಸುವುದು, ತೋರಿಸುವುದು

ಕ್ಯಾನ್ವಾಸನ್ನು ಗೋಡೆಗೆ ತಿರುಗಿಸಿ ಒಂದಷ್ಟು ದಿನ ಬಿಡಿ. ಮತ್ತೆ ಈಚೆ ತಿರುಗಿಸಿದ ಕೂಡಲೇ ಕಣ್ಣು ಹಿಡಿದ ಜಾಗಕ್ಕೆ ಹೋಗಿ, ಅಲ್ಲಿಂದ ಸಡಿಲ ಜಾಗಕ್ಕೆ ಜಾರಿ, ಮತ್ತೆ ವಾಪಸ್ ಬಂದರೆ ಸಾಕು, ನಿಲ್ಲಿಸಿ. ಎಲ್ಲೋ ಒಂದು ಕಡೆ ಕೈಚಳಕ ಮಾತ್ರ ಕಂಡರೆ ಅಲ್ಲಿ ಬಟ್ಟೆ ಆಡಿಸಿ.

ಹೆತ್ತವರಿಗೆ ತೋರಿಸುವಾಗ ವಿವರಣೆ ಕೊಡಬೇಡಿ. ನಮ್ಮಪ್ಪ ಮೊದಲು ಕೇಳಿದ್ದು, "ಇದ್ಯಾಕವ್ವ, ಅರ್ಧ ಮೊಕಾನೇ ಬುಟ್ಬುಟ್ಟಿದ್ದೀಯಲ್ಲ?" ಆಮೇಲೆ ಹತ್ತಿರ ಹೋಗಿ ಬೆರಳು ನೋಡಿದರು. "ಪಾಕ ಇನ್ನೂ ಎಳೇದೈತೆ" ಅಂದರು. ಅಮ್ಮನಿಗೆ ಆ ಚಿತ್ರ ಇವತ್ತಿಗೂ ಇಷ್ಟವಿಲ್ಲ. ಷರ್ಟಿನ ಗುಂಡಿ ಹಾಕಿಲ್ಲ ಅನ್ನೋದು ಅವರ ದೂರು. ಶೇವ್ ಮಾಡಿಸಿಕೊಂಡು ಕೂತ ಸ್ಕೆಚ್ಚೇ ಹಾಲಿನಲ್ಲಿ ತೂಗುತ್ತಿದೆ.

ಹಂತ 10: ಒಣಗಿಸುವುದು, ಇಡುವುದು

ತೆಳು ಪದರ ಮುಟ್ಟಿದರೆ ಅಂಟದಷ್ಟು ಒಣಗಲು ಕೆಲವು ದಿನ ಸಾಕು. ಪೂರ್ತಿ ಒಣಗಲು ತಿಂಗಳುಗಳು ಬೇಕು, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಬಿಸಿಲಿಗಿಟ್ಟು ಅವಸರ ಮಾಡಬೇಡಿ. ವಾರ್ನಿಶ್ ಆರು ತಿಂಗಳಿಂದ ಒಂದು ವರ್ಷದ ನಂತರ.

ಎಣ್ಣೆ ಹೀರಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಲಿನ್ಸೀಡ್ ಎಣ್ಣೆ ಒಣಗುವಾಗ ಕಾವು ಹುಟ್ಟುತ್ತದೆ, ಮುದ್ದೆಯೊಳಗೆ ಅದು ಸೇರಿಕೊಂಡು ತಾನಾಗಿ ಬೆಂಕಿ ಹೊತ್ತಿಕೊಳ್ಳಬಹುದು. ಹೊರಗೆ ಒಂದೊಂದಾಗಿ ಹರಡಿ ಒಣಗಿಸಿ, ಇಲ್ಲ ನೀರು ತುಂಬಿದ ಮುಚ್ಚಳದ ತಗಡಿನ ಡಬ್ಬಿಗೆ ಹಾಕಿ. ಟರ್ಪೆಂಟೈನ್ ಬಳಸುವಾಗ ಕಿಟಕಿ ತೆರೆದಿರಲಿ, ವಯಸ್ಸಾದವರು ಅದೇ ಕೋಣೆಯಲ್ಲಿ ಕೂತಿರುತ್ತಾರೆ ಅನ್ನೋದು ನೆನಪಿರಲಿ.

ಕ್ಯಾನ್ವಾಸಿನ ಹಿಂದೆ ಮರದ ಪಟ್ಟಿಯ ಮೇಲೆ ಅವರ ಹೆಸರು, ವಯಸ್ಸು, ಊರು, ಇಸವಿ, ಬಳಸಿದ ಬಣ್ಣ ಬರೆದಿಡಿ. ಜರ್ಮನಿಯ ಪೇಂಟರ್ ಡ್ಯೂರರ್ 1514ರಲ್ಲಿ ಇದ್ದಿಲಿನಲ್ಲಿ ತಾಯಿಯ ಚಿತ್ರ ಬರೆದು, ಆಕೆಗೆ 63 ವರ್ಷ ಅಂತ ಅದರ ಮೇಲೇ ಗುರುತು ಹಾಕಿದ್ದ. ಅದೇ ವರ್ಷ ತಾಯಿ ತೀರಿಕೊಂಡಾಗ ಅದನ್ನೂ ಅದೇ ಕಾಗದದಲ್ಲಿ ಸೇರಿಸಿದ.

ತೂಗುಹಾಕುವುದಕ್ಕೆ ಹೊರಗೋಡೆ ಬೇಡ, ಮಳೆಗಾಲದಲ್ಲಿ ತೇವ ಹೀರುತ್ತದೆ. ಒಳಗೋಡೆಯೇ ಸರಿ, ಫ್ರೇಮಿನ ಹಿಂದೆ ನಾಲ್ಕು ಮೂಲೆಗೂ ಕಾರ್ಕಿನ ತುಂಡು ಅಂಟಿಸಿದರೆ ಗಾಳಿಯಾಡುತ್ತದೆ. ದೇವರ ಮನೆಯ ಹತ್ತಿರ ಹಾಕಿದರೆ ಊದುಬತ್ತಿಯ ಹೊಗೆ ಕೂರುತ್ತದೆ. ತೈಲಚಿತ್ರಕ್ಕೆ ಗಾಜು ಹಾಕಿಸಬೇಕಿಲ್ಲ. ಧೂಳನ್ನು ಒಣ, ಮೆತ್ತನೆ ಬ್ರಶ್ಶಿನಿಂದ ಕೊಡವಿ, ಒದ್ದೆ ಬಟ್ಟೆ ಮುಟ್ಟಿಸಬೇಡಿ.